ಹನ್ನೆರಡು ಮನೆಗೊಂದು ಕಾಯಿಪಲ್ಲೆಯ ತೋಟ

ನಮ್ಮ ಜತ್ತ ತಾಲೂಕಿನಿಂದ ಹೊರಗೆ ಹೋಗುವ ಪದಾರ್ಥಗಳು ಯಾವುವು, ಒಳಗೆ ಬರುವವು ಯಾವುವು ಎಂದು ಯಾರಾದರೂ ಒಂದು ವಾರ ಕುಳಿತು ಪಟ್ಟಿ ಮಾಡಿದರೆ ವಿಚಿತ್ರವಾದ ಸಂಗತಿಯೊಂದು ಕಣ್ಣಿಗೆ ಬೀಳುತ್ತದೆ. ದ್ರಾಕ್ಷಿ ಹೊರಗೆ ಹೋಗುತ್ತದೆ. ದಾಳಿಂಬೆ ಹೋಗುತ್ತದೆ. ಮಾಡಗ್ಯಾಳದ ಕುರಿ ಹೋಗುತ್ತದೆ. ದಸರೆ ದೀಪಾವಳಿ ಮುಗಿದೊಡನೆ ಕಬ್ಬು ಕಡಿಯುವುದಕ್ಕೆ ಮನುಷ್ಯರೂ ಹೋಗುತ್ತಾರೆ. ಸಂತೆಯ ಚೀಲದಲ್ಲಿ ಒಳಗೆ ಬರುವುದೇನೆಂದರೆ ಬದನೆಕಾಯಿ, ಟೊಮೆಟೊ, ಮೆಣಸಿನಕಾಯಿ, ಕೊತ್ತಂಬರಿ. ಇವು ನಮ್ಮ ಮಣ್ಣಿನಲ್ಲಿ ಬೆಳೆಯದ ಪದಾರ್ಥಗಳಲ್ಲ. ದರಿಬಡಚಿಯಂಥ ಹಳ್ಳಿಯಲ್ಲಿ ಅಜ್ಜಿಯಂದಿರು ಹಿತ್ತಲಲ್ಲಿ ಬಚ್ಚಲು ನೀರು ಹರಿಸಿ ಬೆಳೆದುಕೊಂಡವೇ ಇವು. ಈಗ ಮಾತ್ರ ಅವು ಎಲ್ಲಿಯೋ ಬೆಳೆದು, ಯಾವುದೋ ಪೇಟೆಯಲ್ಲಿ ಸವಾಲಾಗಿ, ಎರಡು ದಿನ ಹಳಸಿ, ನಮ್ಮ ಸಂತೆಗೆ ಬರುತ್ತವೆ.

ಊರಿನ ಒಂದು ಹೊಲದಲ್ಲಿ ಕಾಯಿಪಲ್ಲೆ ಬೆಳೆಯುವವನೊಬ್ಬನಿರಬೇಕು. ಹನ್ನೆರಡು ಮನೆಯವರು ಹಂಗಾಮಿಗೆ ಮೊದಲೇ ಅವನಿಗೆ ಮುಂಗಡ ಕೊಟ್ಟಿರಬೇಕು. ಆ ಹಂಗಾಮಿನಲ್ಲಿ ಹೊಲ ಏನು ಕೊಡುತ್ತದೆಯೋ ಅದನ್ನು ವಾರಕ್ಕೊಮ್ಮೆ ಹನ್ನೆರಡು ಪಾಲು ಮಾಡಿ ಒಯ್ಯಬೇಕು. ಹೆಚ್ಚು ಬಂದರೆ ಹೆಚ್ಚು, ಕಡಿಮೆ ಬಂದರೆ ಕಡಿಮೆ. ಇದು ನಮ್ಮ ಸೂಚನೆ. ಇದರಲ್ಲಿ ಹೊಸದೇನಿದೆ ಎಂದು ಕೆಲವರು ಕೇಳಬಹುದು, ಇದು ಆಗುವ ಮಾತಲ್ಲ ಎಂದು ಇನ್ನು ಕೆಲವರು ನಗಬಹುದು. ಇಬ್ಬರಿಗೂ ಉತ್ತರ ಹೇಳಲು ಯತ್ನಿಸುತ್ತೇವೆ.

ಮೊದಲು ಪೇಟೆಯ ಮಾತು. ನಮ್ಮ ನೆರೆಯ ಸೊಲ್ಲಾಪುರದ ಮಾರುಕಟ್ಟೆಯಲ್ಲಿ 2023ರ ಫೆಬ್ರವರಿಯಲ್ಲಿ ನಡೆದ ಸಂಗತಿಯನ್ನು ಬಹಳ ಜನ ಪತ್ರಿಕೆಯಲ್ಲಿ ಓದಿರುತ್ತೀರಿ. ಬಾರ್ಶಿ ಕಡೆಯ ರೈತರೊಬ್ಬರು 512 ಕಿಲೋ ಉಳ್ಳಾಗಡ್ಡಿ ಒಯ್ದಿದ್ದರು. ಕಿಲೋಕ್ಕೆ ಒಂದು ರೂಪಾಯಿ ಧಾರಣೆ ಸಿಕ್ಕಿತು. ಗಾಡಿ ಬಾಡಿಗೆ, ಹಮಾಲಿ, ತೂಕದ ಖರ್ಚು ಕಳೆದು ಅವರ ಕೈಗೆ ಉಳಿದದ್ದು 2 ರೂಪಾಯಿ 49 ಪೈಸೆ. ಅದರಲ್ಲಿಯೂ 2 ರೂಪಾಯಿಯ ಚೆಕ್ಕು, ಅದೂ ಮುಂದಿನ ತಾರೀಖಿನದು. ಅದೇ ವರ್ಷ ಜುಲೈ ತಿಂಗಳಲ್ಲಿ ಟೊಮೆಟೊ ಕಿಲೋಕ್ಕೆ ನೂರು ರೂಪಾಯಿ ದಾಟಿತು, ಕೆಲವು ಪಟ್ಟಣಗಳಲ್ಲಿ ಇನ್ನೂರಕ್ಕೂ ಏರಿತು. ಸಪ್ಟೆಂಬರ ಹೊತ್ತಿಗೆ ಅದೇ ಟೊಮೆಟೊವನ್ನು ರೈತರು ರಸ್ತೆಯ ಬದಿಗೆ ಚೆಲ್ಲಿ ಮನೆಗೆ ಬಂದರು. ಬೆಲೆ ಏರಿದಾಗ ನಮ್ಮ ಒಲೆಯ ಮೇಲೆ ಟೊಮೆಟೊ ಇಲ್ಲ, ಇಳಿದಾಗ ಬೆಳೆದವನ ಒಲೆ ಹೊತ್ತುವುದಿಲ್ಲ. ಕೊಳ್ಳುವವನು ಕೊಟ್ಟ 100 ರೂಪಾಯಿಯಲ್ಲಿ ಬೆಳೆದವನಿಗೆ ತಲುಪುವುದು ಟೊಮೆಟೊದಲ್ಲಿ ಸುಮಾರು 33, ಉಳ್ಳಾಗಡ್ಡಿಯಲ್ಲಿ 36, ಬಟಾಟೆಯಲ್ಲಿ 37 ರೂಪಾಯಿ ಎಂದು ರಿಸರ್ವ್ ಬ್ಯಾಂಕಿನವರ 2024ರ ಒಂದು ಅಧ್ಯಯನವೇ ಹೇಳಿದೆ. ನಡುವಿನವರೆಲ್ಲ ಕಳ್ಳರೆಂದು ನಾವು ಹೇಳುವುದಿಲ್ಲ. ಲಾರಿಗೆ ಡೀಸೆಲ್ ಬೇಕು, ಹಮಾಲನಿಗೆ ಕೂಲಿ ಬೇಕು, ಹಳಸಿದ್ದು ವ್ಯಾಪಾರಿಯ ಲೆಕ್ಕಕ್ಕೇ ಹೋಗುತ್ತದೆ. ಆದರೆ ದರಿಬಡಚಿಯ ಬದನೆಕಾಯಿ ದರಿಬಡಚಿಯಲ್ಲಿಯೇ ತಿನ್ನುವುದಕ್ಕೆ ಲಾರಿಯ ಅಗತ್ಯವಾದರೂ ಏನು?

ಇಂಥ ವ್ಯವಸ್ಥೆ ಬೇರೆ ದೇಶಗಳಲ್ಲಿ ಐವತ್ತು ವರ್ಷಗಳಿಂದ ನಡೆದು ಬಂದಿದೆ. ಜಪಾನಿನಲ್ಲಿ ಇಚಿರಾಕು ತೆರುವೊ ಎಂಬವರ ಮುಂದಾಳುತನದಲ್ಲಿ 1971ರಲ್ಲಿ ಸಾವಯವ ಒಕ್ಕಲುತನದ ಸಂಘವೊಂದು ಹುಟ್ಟಿತು. ಅಲ್ಲಿಯ ಪಟ್ಟಣದ ಗೃಹಿಣಿಯರು ಔಷಧ ಹೊಡೆದ ಕಾಯಿಪಲ್ಲೆಗೆ ಬೇಸತ್ತು ನೇರವಾಗಿ ರೈತರೊಡನೆ ಒಪ್ಪಂದ ಮಾಡಿಕೊಂಡರು. ಅದಕ್ಕೆ ಅವರು 'ತೇಕೇ' ಎನ್ನುತ್ತಾರೆ; ಕೈಜೋಡಿಸುವುದು ಎಂದು ನಾವು ಅರ್ಥ ಹೇಳಬಹುದು. 1978ರಲ್ಲಿ ಅದಕ್ಕೆ ಹತ್ತು ನಿಯಮಗಳನ್ನು ಬರೆದರು. ಬೆಳೆದವನು ಕಳಿಸಿದ್ದನ್ನೆಲ್ಲ ಕೊಳ್ಳುವವನು ಸ್ವೀಕರಿಸಬೇಕು, ಬೆಲೆಯನ್ನು ಇಬ್ಬರೂ ಕುಳಿತು ಒಬ್ಬರ ಕಷ್ಟ ಇನ್ನೊಬ್ಬರು ತಿಳಿದು ಗೊತ್ತುಪಡಿಸಬೇಕು ಎಂಬುವು ಅವುಗಳಲ್ಲಿ ಸೇರಿವೆ. ಅದೇ 1978ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಜಿನೀವಾದ ಬಳಿ ಇಂಥ ತೋಟವೊಂದು ಆರಂಭವಾಯಿತು. 1986ರಲ್ಲಿ ಅಮೇರಿಕದ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್ ಪ್ರಾಂತಗಳಲ್ಲಿ ಎರಡು ತೋಟಗಳು ಹೀಗೆಯೇ ಆರಂಭವಾದವು. ಇಂದು ಅಲ್ಲಿ ಇಂಥವು ಸಾವಿರಗಟ್ಟಲೆ ಇವೆ.

ನಮ್ಮ ಹಿರಿಯರಿಗೆ ಇದನ್ನು ಹೇಳಿದರೆ "ಇದು ನಮ್ಮ ಆಯದ ಪದ್ಧತಿಯೇ ಅಲ್ಲವೇ?" ಎಂದಾರು. ಹೌದು, ಸ್ವಲ್ಪ ಹೋಲಿಕೆ ಇದೆ. ಬಡಿಗ, ಕಂಬಾರ, ಕುಂಬಾರರು ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಕಣಕ್ಕೆ ಬಂದು ಪಾಲು ಒಯ್ಯುತ್ತಿದ್ದರು. ಬೆಳೆ ಬಂದರೆ ಅವರಿಗೂ ಬಂತು, ಹೋದರೆ ಅವರಿಗೂ ಹೋಯಿತು. ಆದರೆ ಆಯದಲ್ಲಿ ಯಾರು ಕೊಡುವವನು, ಯಾರು ಕಣದ ಅಂಚಿನಲ್ಲಿ ಸೆರಗೊಡ್ಡಿ ನಿಲ್ಲುವವನು ಎಂಬುದು ಹುಟ್ಟಿನಿಂದಲೇ ಗೊತ್ತಾಗಿತ್ತು. ಅಂಥದು ಮತ್ತೆ ಬರಬಾರದು. ನಾವು ಹೇಳುವ ತೋಟದಲ್ಲಿ ಯಾವ ಓಣಿಯ ಮನೆಯಾದರೂ ಸೇರಬಹುದು, ಬೇಡವಾದರೆ ಮುಂದಿನ ಹಂಗಾಮಿಗೆ ಬಿಡಬಹುದು, ಲೆಕ್ಕದ ವಹಿಯನ್ನು ಯಾರು ಕೇಳಿದರೂ ತೆರೆದು ತೋರಿಸಬೇಕು. ಪಾಲು ಹಾಕುವಾಗ ಎಲ್ಲರದೂ ಒಂದೇ ತಕ್ಕಡಿ, ಒಂದೇ ಸಾಲು.

ಇನ್ನು ನೀರಿನ ಪ್ರಶ್ನೆ. ವಾಸ್ತವದಲ್ಲಿ ಇದೇ ದೊಡ್ಡ ಪ್ರಶ್ನೆ. ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು; ಅದರಲ್ಲಿಯೂ ಮುಂಗಾರು ಕೈಕೊಟ್ಟು ಉತ್ತರಿ, ಹಸ್ತದ ಮಳೆಯ ಮೇಲೆಯೇ ಎಲ್ಲರ ಕಣ್ಣು. ಕೃಷ್ಣೆಯ ನೀರನ್ನು ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಎತ್ತಿ ಹಂತ ಹಂತವಾಗಿ ಮೇಲಕ್ಕೆ ತರುವ ಯೋಜನೆಗಾಗಿ ತಾಲೂಕಿನ ಪೂರ್ವಭಾಗದ ಹಳ್ಳಿಗಳು ಎಷ್ಟೋ ವರ್ಷ ಕಾದವು. 2022ರ ಕೊನೆಯಲ್ಲಿ ಈ ನೀರಿನ ಮಾತು ಎರಡು ರಾಜ್ಯಗಳ ಗಡಿಯ ಮಾತಾಗಿ ಪತ್ರಿಕೆಗಳನ್ನು ತುಂಬಿದ್ದು ಎಲ್ಲರಿಗೂ ನೆನಪಿದೆ. ಆದ್ದರಿಂದ "ಕಾಲುವೆ ಬರಲಿ, ಆಮೇಲೆ ನೋಡೋಣ" ಎನ್ನುವ ಪಾಲಕರ ಮಾತು ನಮಗೆ ಅರ್ಥವಾಗುತ್ತದೆ. ಆದರೂ ಲೆಕ್ಕ ಮಾಡಿ ನೋಡಬೇಕು.

ಐದು ಜನರಿರುವ ಮನೆಗೆ ದಿನಕ್ಕೆ ಒಂದು ಕಿಲೋ ಕಾಯಿಪಲ್ಲೆ, ಅಂದರೆ ತಲೆಗೆ 200 ಗ್ರಾಂ, ಹಿಡಿಯೋಣ. ವಾರಕ್ಕೆ 7 ಕಿಲೋ. ಹನ್ನೆರಡು ಮನೆಗೆ 84 ಕಿಲೋ. 30 ವಾರಗಳಿಗೆ 2,520 ಕಿಲೋ. ನಮ್ಮ ದೇಶದಲ್ಲಿ ಕಾಯಿಪಲ್ಲೆಯ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು 18 ಟನ್. ಅರ್ಧ ಎಕರೆ, ಅಂದರೆ 20 ಗುಂಟೆಗೆ ಅದು 3,600 ಕಿಲೋ ಆಗುತ್ತದೆ. ನಮ್ಮ ನೆಲ, ನಮ್ಮ ನೀರು ನೋಡಿ ಅದರ ಅರ್ಧವನ್ನೇ ಹಿಡಿದರೂ ಒಂದು ಪೀಕಿಗೆ 1,800 ಕಿಲೋ, ಮುಂಗಾರು ಹಿಂಗಾರು ಕೂಡಿ 3,600 ಕಿಲೋ. ಹುಳ ತಿಂದದ್ದು, ಕೊಳೆತದ್ದು, ಬೀಜಕ್ಕೆ ಬಿಟ್ಟದ್ದು ಹೋಗಿ ಹನ್ನೆರಡು ಮನೆಗೆ ಸಾಲುತ್ತದೆ. ಈ ಅರ್ಧ ಎಕರೆಯ ಪಲ್ಲೆ ಹಿಂಗಾರಿನಲ್ಲಿ ದಿನಕ್ಕೆ 4 ಮಿಲಿಮೀಟರ್ ನೀರು ಕುಡಿಯುತ್ತದೆಂದರೆ ಅದು ದಿನಕ್ಕೆ 8,000 ಲೀಟರ್, ಹೆಚ್ಚುಕಡಿಮೆ ಒಂದು ಟ್ಯಾಂಕರಿನಷ್ಟು. ಹನಿ ನೀರಾವರಿಯಿಂದ, ಮೇಲೆ ಕಣಿಕೆ ರವದಿ ಹೊದಿಸುವುದರಿಂದ ಇನ್ನೂ ಕಡಿಮೆ ಮಾಡಬಹುದು. ವರ್ಷಕ್ಕೆ 1,500ರಿಂದ 2,500 ಮಿಲಿಮೀಟರ್ ನೀರು ಬೇಡುವ ಕಬ್ಬಿನ ಮಾತು ಇದಲ್ಲ. ಬಾವಿ, ಕೃಷಿಹೊಂಡ ಅಥವಾ ಬೋರು ಇದ್ದ ರೈತ ಇದನ್ನು ನಿಭಾಯಿಸಬಲ್ಲನು. ಆದರೆ ಜುಲೈದಿಂದ ಫೆಬ್ರವರಿಯವರೆಗೆ ಮಾತ್ರ. ಮಾರ್ಚಿನ ನಂತರ ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುವಲ್ಲಿ ಬದನೆ ಗಿಡಕ್ಕೆ ನೀರು ಬಿಡಬೇಕೆಂದು ನಾವು ಹೇಳಲಾರೆವು. ಬೇಸಿಗೆಯಲ್ಲಿ ತೋಟಕ್ಕೆ ಸೂಟಿ. ಆಗ ಒಣಗಿಸಿಟ್ಟ ಚವಳಿಕಾಯಿ, ಮೊಳಕೆ ಬರಿಸಿದ ಮಡಿಕೆ, ಹೆಸರು, ಜುಣಕ ಇವೇ ನಮ್ಮ ಪಲ್ಲೆ. ಹಿಂದಿನವರು ನಡೆಸಿದ್ದೂ ಹಾಗೆಯೇ.

ಹಂಗಾಮಿನ ಮಾತು ಬಂದಿತಾದ್ದರಿಂದ ಹೇಳುತ್ತೇವೆ: ನಮ್ಮ ಮಕ್ಕಳಿಗೆ ಯಾವ ತಿಂಗಳಲ್ಲಿ ಏನು ಬರುತ್ತದೆ ಎಂಬುದೇ ಮರೆತುಹೋಗುತ್ತಿದೆ. ಸಂತೆಯಲ್ಲಿ ಹನ್ನೆರಡು ತಿಂಗಳೂ ಟೊಮೆಟೊ ಕಂಡವರಿಗೆ ಎಲ್ಲ ತಿಂಗಳೂ ಒಂದೇ. ಮೃಗಶಿರ, ಆರಿದ್ರದ ಮಳೆ ಬಿದ್ದು ಎರಡು ಮೂರು ವಾರಕ್ಕೆ ಯಾರೂ ಬಿತ್ತದೆ ಹೊಲದ ಬದುವಿನಲ್ಲಿ ರಾಜಗಿರಿ, ಗೋಳಿ ಪಲ್ಯ ಏಳುತ್ತವೆ. ಬಿತ್ತಿದ ಮೆಂತ್ಯೆ ತಿಂಗಳೊಳಗೆ ಕೈಗೆ ಬರುತ್ತದೆ, ಹಿಂದೆಯೇ ಪುಂಡಿ ಪಲ್ಯ, ಸಬ್ಬಸಿಗೆ. ಚವಳಿಕಾಯಿ, ಬೆಂಡಿಕಾಯಿಗೆ ಒಂದೂವರೆ ತಿಂಗಳು ಸಾಕು. ಹೀರೇಕಾಯಿ, ಹಾಗಲಕಾಯಿ ಬೇಲಿಗೆ ಹಬ್ಬಿ ಶ್ರಾವಣ ಭಾದ್ರಪದದಲ್ಲಿ ಜೋಲುತ್ತವೆ. ಬದನೆ ಸಸಿ ನೆಟ್ಟು ಎರಡು ತಿಂಗಳು ಕಾಯಬೇಕು, ಆದರೆ ಒಮ್ಮೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ, ಕೊನೆಗೆ ಮನೆಯವರೇ "ಇಂದೂ ಎಣಗಾಯಿಯೇ?" ಎಂದು ಗೊಣಗುವಷ್ಟು. ಹಿಂಗಾರು ಬಂದ ಮೇಲೆ ನಮ್ಮ ಸೀಮೆಯ ನಿಜವಾದ ಶ್ರೀಮಂತಿಕೆ ಆರಂಭವಾಗುತ್ತದೆ. ಕಡಲೆಯ ಕುಡಿ ಚಿವುಟಿ ಪಲ್ಯ ಮಾಡುತ್ತಾರೆ, ಚಿವುಟಿದಷ್ಟೂ ಗಿಡ ಕವಲೊಡೆದು ಹರಡಿಕೊಳ್ಳುತ್ತದೆ. ಎಳೆಯ ಕುಸುಬಿಯ ಎಲೆ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಗಜ್ಜರಿ, ಅವರೆಕಾಯಿ, ಹಸಿ ತೊಗರಿ. ಇವೆಲ್ಲ ಒಟ್ಟಿಗೆ ಕೂಡುವ ದಿನ ಎಳ್ಳಮಾಸಿ. ವಿಜಯಪುರ, ಸೊಲ್ಲಾಪುರ ಕಡೆಯಂತೆ ನಮ್ಮಲ್ಲಿಯೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜಿ ರೊಟ್ಟಿಯೊಡನೆ ಭಜ್ಜಿ ಪಲ್ಯ ಉಣ್ಣುವುದುಂಟು. ಭಜ್ಜಿಗೆ ಏನೇನು ಹಾಕಬೇಕೆಂದು ಕೇಳಿದರೆ ತಾಯಂದಿರು ಹೇಳುವ ಉತ್ತರ ಒಂದೇ: ಆ ದಿನ ಹೊಲದಲ್ಲಿ ಇದ್ದದ್ದನ್ನೆಲ್ಲ. ವರ್ಷಕ್ಕೊಂದು ದಿನ ನಡೆಯುವುದನ್ನು ಮೂವತ್ತು ವಾರ ನಡೆಸೋಣವೆಂದೇ ನಾವು ಕೇಳುತ್ತಿರುವುದು. ಗುಡ್ಡಾಪುರದ ದಾನಮ್ಮನ ಗುಡಿಯ ದಾಸೋಹದಲ್ಲಿ ಪಂಕ್ತಿಗೆ ಕುಳಿತಾಗ "ಇಂದು ಈ ಪಲ್ಯ ಏಕೆ?" ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲವಷ್ಟೆ!

ಮಕ್ಕಳ ಊಟದ ವಿಷಯವನ್ನು ಪಾಲಕರು ಸ್ವಲ್ಪ ಗಂಭೀರವಾಗಿ ಎಣಿಸಬೇಕು. ದೊಡ್ಡವರು ದಿನಕ್ಕೆ ಕಾಯಿಪಲ್ಲೆ ಮತ್ತು ಹಣ್ಣು ಕೂಡಿ 400 ಗ್ರಾಮಿಗೆ ಕಡಿಮೆಯಾಗದಂತೆ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಾಲೆಯ ಮಧ್ಯಾಹ್ನದ ಊಟದಲ್ಲಿ ಐದನೆಯ ಇಯತ್ತೆಯವರೆಗಿನ ಮಗುವಿಗೆ 50 ಗ್ರಾಂ, ಆರರಿಂದ ಎಂಟರವರಿಗೆ 75 ಗ್ರಾಂ ಕಾಯಿಪಲ್ಲೆ ಗೊತ್ತುಪಡಿಸಿದ್ದಾರೆ. ಒಂಬತ್ತು, ಹತ್ತನೆಯ ಇಯತ್ತೆಯವರಿಗೆ ಆ ಊಟವೂ ಇಲ್ಲ. ಬೆಳೆಯುವ ವಯಸ್ಸಿನ ಹುಡುಗಿಯರು ರೊಟ್ಟಿ ಮತ್ತು ಶೇಂಗಾ ಹಿಂಡಿಯ ಮೇಲೆ ಇಡೀ ದಿನ ತಳ್ಳುವ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ. ಶೇಂಗಾ ಹಿಂಡಿಯನ್ನು ನಾವು ಹಳಿಯುವುದಿಲ್ಲ, ಅದು ನಮಗೂ ಪ್ರಿಯವೇ. ಆದರೆ ಮೂರು ಹೊತ್ತೂ ಅದೇ ಆಗಬಾರದು.

ಈಗ ಮುಂಗಡದ ಮಾತಿಗೆ ಬರುತ್ತೇವೆ. ನಮ್ಮ ಲೇಖನದ ತಿರುಳು ಇಲ್ಲಿಯೇ ಇದೆ. ಮುಂಗಡವೆಂಬುದು ನಮ್ಮ ಊರುಗಳಿಗೆ ಹೊಸ ಶಬ್ದವಲ್ಲ. ಪ್ರತಿ ವರ್ಷ ಕಬ್ಬಿನ ಮುಕಾದಮ ಬಂದು ಗಂಡಹೆಂಡಿರ ಜೋಡಿಗೆ ಉಚಲಿ ಕೊಡುತ್ತಾನೆ. ಆ ಹಣ ಮದುವೆಗೋ ಔಷಧಕ್ಕೋ ಹಳೆಯ ಸಾಲಕ್ಕೋ ಹೋಗುತ್ತದೆ. ಆಮೇಲೆ ಅದನ್ನು ತೀರಿಸಲು ಮನೆಗೆ ಕೀಲಿ ಹಾಕಿ, ಪಾತ್ರೆ ಪಡಗ ಕಟ್ಟಿಕೊಂಡು, ಮಕ್ಕಳನ್ನೂ ಟ್ರ್ಯಾಕ್ಟರಿನ ಮೇಲೆ ಕೂಡಿಸಿಕೊಂಡು ಹೋಗುತ್ತಾರೆ. ನವೆಂಬರದಿಂದ ಮಾರ್ಚಿನವರೆಗೆ ಹಾಜರಿ ಪಟ್ಟಿಯಲ್ಲಿ ಆ ಹೆಸರುಗಳ ಮುಂದೆ ಬರುವ ಗುರುತು ಯಾವುದೆಂದು ವಿದ್ಯಾರ್ಥಿಗಳಿಗೇ ಗೊತ್ತು. ಪರೀಕ್ಷೆಯ ಹೊತ್ತಿಗೆ ಮರಳಿ ಬಂದವರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂಡುತ್ತಾರೆ. ಹುಡುಗಿಯರಾದರೆ ಎಷ್ಟೋ ಸಲ ಬರುವುದೇ ಇಲ್ಲ. ಹಿಂಗಾರಿನ ಕಾಯಿಪಲ್ಲೆಗೆ ಕೈ ಬೇಕಾಗುವ ತಿಂಗಳುಗಳೇ ಇವು. ಊರು ಬಿಟ್ಟು ಹೋಗುವ ತಿಂಗಳುಗಳೂ ಇವೇ.

ಹೊರಗಿನವನ ಮುಂಗಡ ಒಂದು ಕುಟುಂಬವನ್ನು ಐದು ತಿಂಗಳು ಊರ ಹೊರಗೆ ಇರಿಸಬಲ್ಲುದಾದರೆ, ಊರವರ ಮುಂಗಡ ಅದನ್ನು ಊರಲ್ಲಿ ಇರಿಸಬಾರದೇ? ಕಿಲೋಕ್ಕೆ 25 ರೂಪಾಯಿಯಂತೆ ಹಿಡಿದರೆ ಒಂದು ಮನೆಯ ಪಾಲು ವಾರಕ್ಕೆ 175 ರೂಪಾಯಿ, 30 ವಾರಕ್ಕೆ 5,250. ಹನ್ನೆರಡು ಮನೆಯಿಂದ 63,000. ಬೀಜ, ಗೊಬ್ಬರ, ಹನಿ ನೀರಾವರಿಯ ಪೈಪು, ವಿದ್ಯುತ್ತು ಇವುಗಳಿಗೆ ಮೂರನೆಯ ಒಂದು ಪಾಲು ಹೋದರೂ 42,000 ಉಳಿಯಿತು. ಇದು ಒಂದು ಕುಟುಂಬದ ವರ್ಷದ ಬಾಳುವೆಗೆ ಸಾಲದು ಎಂಬುದನ್ನು ಒಪ್ಪುತ್ತೇವೆ. ಆದರೆ ಎರಡೆಕರೆ ಜೋಳ, ಮೂರು ನಾಲ್ಕು ಆಡು, ಒಂದು ಎಮ್ಮೆ ಇದ್ದ ಮನೆಗೆ ಇದು ಕೂಡಿದರೆ ಮುಕಾದಮನ ಉಚಲಿಗೆ ಬೇಡವೆನ್ನುವ ಧೈರ್ಯ ಬಂದೀತು. ಹನ್ನೆರಡು ಇಪ್ಪತ್ತನಾಲ್ಕಾದರೆ ಇನ್ನೊಂದು ಮನೆ ಉಳಿದೀತು. ಹೊಲವಿಲ್ಲದವರು ಬಾವಿ ಇದ್ದವರ ಹೊಲವನ್ನು ಪಾಲಿಗೆ ಹಿಡಿದು ಮಾಡಬಹುದು. ಇಡೀ ಊರಿನ ಗುಳೆಯೇ ನಿಂತೀತೆಂದು ನಾವು ಹೇಳುವುದಿಲ್ಲ. ಅಂಥ ದೊಡ್ಡ ಮಾತು ಚುನಾವಣೆಯವರಿಗೆ ಇರಲಿ.

5,250 ರೂಪಾಯಿಯನ್ನು ಒಮ್ಮೆಲೇ ಎಲ್ಲಿಂದ ತರುವುದು ಎಂಬ ತಕರಾರು ನ್ಯಾಯವಾದದ್ದು. ಒಮ್ಮೆಲೇ ಬೇಕಾಗಿಲ್ಲ. ಜೂನಿನಲ್ಲಿ ಬೀಜ ಗೊಬ್ಬರಕ್ಕೆ ಬೇಕಾದಷ್ಟು, ದಸರೆಗೆ ಇನ್ನಷ್ಟು, ಉಳಿದದ್ದು ತಿಂಗಳ ತಿಂಗಳಿಗೆ. ಸಂಬಳದ ಮನೆಯವರು ಪೂರ್ತಿ ಮೊದಲೇ ಕೊಟ್ಟರೆ ಕೂಲಿಯ ಮನೆಯವರಿಗೆ ಅನುಕೂಲ. ಹಣವಿಲ್ಲದವರು ಮುಯ್ಯಿ ಆಳಾಗಿ ಕಳೆ ತೆಗೆದು, ಸಸಿ ನೆಟ್ಟು ತಮ್ಮ ಪಾಲು ತೀರಿಸಬಹುದು. ಭಿಶಿ ನಡೆಸುವುದು, ಬಚತ ಗಟದ ವಹಿ ಇಡುವುದು ನಮ್ಮ ತಾಯಂದಿರಿಗೆ ಚೆನ್ನಾಗಿ ಬರುತ್ತದೆ. ಈ ಲೆಕ್ಕವನ್ನು ಅವರ ಕೈಯಲ್ಲಿಯೇ ಇಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಗಂಡಸರ ಕಮಿಟಿಗಳ ಗತಿಯನ್ನು ಊರು ನೋಡಿಯೇ ಇದೆ.

ಮಳೆ ಪೂರ್ತಿ ಕೈಕೊಟ್ಟರೆ? ಆಗ ಪಾಲು ಬರುವುದಿಲ್ಲ, ಮುಂಗಡವೂ ಮರಳುವುದಿಲ್ಲ. ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿ ಕಾಗದದ ಮೇಲೆ ಬರೆಯಬೇಕು. 1972ರ ಬರಗಾಲವನ್ನು ಕಂಡ ಹಿರಿಯರು ಇಂದಿಗೂ ಇದ್ದಾರೆ, ಅವರಿಗೆ ಈ ಮಾತು ಕಠಿಣವೆನಿಸದು. ಇಂದು ನಷ್ಟವೆಂಬುದು ಬೆಳೆದ ಒಂದು ಮನೆಯ ಮೇಲೆ ಬಿದ್ದು ಆ ಮನೆಯನ್ನು ಸಾಲಕ್ಕೆ ನೂಕುತ್ತದೆ. ಜೂನಿನಲ್ಲಿ ಕೊಟ್ಟ ಒಂದೂವರೆ ಸಾವಿರ ಹನ್ನೆರಡು ಮನೆಯಲ್ಲಿ ಪ್ರತಿಯೊಂದಕ್ಕೂ ಹೋದರೆ ಹೊಟ್ಟೆ ಉರಿಯುತ್ತದೆ ನಿಜ, ಆದರೆ ಯಾವ ಮನೆಯೂ ಮುಳುಗುವುದಿಲ್ಲ. ಬೆಳೆದವನ ಆಲಸ್ಯದಿಂದ ತೋಟ ಹಾಳಾದರೆ ಅದು ಬೇರೆ ಮಾತು. ಅದಕ್ಕೆ ಹದಿನೈದು ದಿನಕ್ಕೊಮ್ಮೆ ಪಾಲುದಾರರು ಹೊಲದ ಬದುವಿಗೆ ಹೋಗಿ ನೋಡಿ ಬರಬೇಕು. ಬರೀ ತಕ್ಕಡಿಯ ಹತ್ತಿರ ಚೀಲ ಹಿಡಿದು ನಿಂತರೆ ನಡೆಯದು.

ಶಾಲೆಯ ಪಾಲು ಇದರಲ್ಲಿ ಏನು? ಹಣದ ವ್ಯವಹಾರದಲ್ಲಿ ಶಾಲೆ ಕೈಹಾಕಬಾರದು. ಆದರೆ ವಿದ್ಯಾರ್ಥಿಗಳು ಒಂದು ವಹಿ ಇಡಬಹುದು. ಯಾವ ವಾರ ಯಾವ ಪಲ್ಲೆ ಎಷ್ಟು ಕಿಲೋ ಬಂತು, ಎಷ್ಟು ಹುಳಕ್ಕೆ ಹೋಯಿತು, ಅದೇ ವಾರ ಸಂತೆಯಲ್ಲಿ ಧಾರಣೆ ಎಷ್ಟಿತ್ತು ಎಂದು ಬರೆದಿಟ್ಟರೆ ಎಂಟನೆಯ ಇಯತ್ತೆಯ ಗಣಿತಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ. ಒಂದು ವರ್ಷದ ವಹಿ ಕೈಯಲ್ಲಿದ್ದರೆ 25 ರೂಪಾಯಿಯ ದರ ಸರಿಯೋ ತಪ್ಪೋ ಎಂಬುದೂ ಗೊತ್ತಾಗುತ್ತದೆ. ನಮ್ಮ ಲೆಕ್ಕವನ್ನು ಆ ವಹಿ ತಿದ್ದಿದರೆ ನಮಗೆ ಸಂತೋಷವೇ.

ಮೃಗಶಿರ ಮಳೆ ಕೂಡುವುದು ಜೂನ್ 7, 8ರ ಸುಮಾರಿಗೆ. ಹನ್ನೆರಡು ಮನೆಯವರು ಕುಳಿತು ಮಾತಾಡುವುದೇನಿದ್ದರೂ ಮೇ ತಿಂಗಳಲ್ಲಿ ಆಗಬೇಕು. ಬದನೆ, ಮೆಣಸಿನಕಾಯಿ ಸಸಿಯ ಮಡಿಗೆ ಅಷ್ಟು ಮುಂಚೆ ನೆಲ ಸಿದ್ಧವಾಗಿರಬೇಕು. ಪೇಟೆಯ ಪೊಟ್ಟಣದ ಬೀಜ ದುಬಾರಿ, ಅನೇಕವು ಮರುವರ್ಷಕ್ಕೆ ಬಾರದವು. ನಮ್ಮ ಅಜ್ಜಿಯಂದಿರ ಗಡಿಗೆಗಳಲ್ಲಿ, ಬೂದಿ ಬೆರೆಸಿ ಕಟ್ಟಿಟ್ಟ ಗಂಟುಗಳಲ್ಲಿ ಹೀರೆ, ಅವರೆ, ಕುಂಬಳ, ಚವಳಿ, ಪುಂಡಿಯ ಬೀಜಗಳು ಇನ್ನೂ ಕೆಲವು ಮನೆಗಳಲ್ಲಿವೆ. ಬೇಸಿಗೆಯ ಸೂಟಿಯಲ್ಲಿ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಯಾರಲ್ಲಿ ಯಾವ ಬೀಜ ಎಷ್ಟು ಹಿಡಿ ಇದೆ ಎಂದು ಕೇಳಿ ಬರೆದುಕೊಂಡು ಬರಲಿ.